ಪರಿಚಯ ಇದ್ರೆ ಮೊದಲೇ ಹೇಳಿಬಿಡಿ

ಮಾನ್ಯ ಸಂಪಾದಕರೇ,

ಟ್ರಿಬ್ಯುನಲ್ (ಒಂದು ಫೀಲ್ಡಿನ ಕೇಸುಗಳನ್ನಷ್ಟೇ ಕೇಳೋ, ಕೋರ್ಟಿನಂಥದ್ದು) ಮೆಂಬರ್ ಯಾರಾದ್ರೂ ಒಂದು ಕೇಸಿಂದ ಹಿಂದೆ ಸರಿದ್ರೆ ಸಾಕು, ಒಳಗೇನೋ ನಡೆದಿರ್ಬೇಕು ಅಂತ ಗುಸುಗುಸು ಶುರುವಾಗುತ್ತೆ. ನನಗಂತೂ ಕೇಸಲ್ಲಿರೋರ ಪರಿಚಯ ಇಟ್ಕೊಂಡೂ ತುಟಿ ಬಿಚ್ಚದೆ ಕೂತಿರೋರ ಮೇಲೇ ಜಾಸ್ತಿ ಅನುಮಾನ. ನಾನು ಲಾಯರ್ ಅಲ್ಲ, ಟೆಕ್ನಿಕಲ್ ಮೆಂಬರ್ ಅಂತ ಕೆಲವು ವರ್ಷ ಟ್ರಿಬ್ಯುನಲ್ ಒಂದರಲ್ಲಿ ಕೂತಿದ್ದವನು, ಅದಕ್ಕೇ ಬರೀತಿದೀನಿ.

ನಮ್ಮಂಥೋರನ್ನ ಅಲ್ಲಿ ಕೂರಿಸೋದೇ ಆ ಫೀಲ್ಡಲ್ಲಿ ಇಪ್ಪತ್ತು ಮೂವತ್ತು ವರ್ಷ ಕೆಲಸ ಮಾಡಿದಾರೆ ಅಂತ, ಅಂದ್ಮೇಲೆ ಅದೇ ಫೀಲ್ಡಿನ ಜನ ಪರಿಚಯ ಇರದೇ ಇರ್ತಾರಾ? ಒಂದ್ಸಲ ವಿಚಾರಣೆ ಅರ್ಧ ಮುಗಿದ್ಮೇಲೆ ಒಂದು ಎಕ್ಸ್‌ಪರ್ಟ್ ರಿಪೋರ್ಟ್ ಬಂತು, ಕೊನೇ ಪೇಜ್ ನೋಡಿದ್ರೆ ನಂಗೆ ಚೆನ್ನಾಗಿ ಗೊತ್ತಿರೋ ಸಹಿ, ಹಿಂದೆ ಒಂದೇ ಆಫೀಸಲ್ಲಿ ಪಕ್ಕಪಕ್ಕದ ಟೇಬಲ್ ನಮ್ಮದು. ಮಾತಾಡಿ ಎಷ್ಟೋ ವರ್ಷ ಆಗಿತ್ತು, ನನ್ನ ಮನಸ್ಸಲ್ಲಿ ಏನೂ ಇಲ್ವಲ್ಲ, ಸುಮ್ನೆ ಯಾಕೆ ರಗಳೆ ಅಂದ್ಕೊಂಡೆ. ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಅಧ್ಯಕ್ಷರ ಹತ್ರ ಹೇಳಿದ್ರೆ, "ನಂಗ್ಯಾಕೆ ಹೇಳ್ತೀರಿ, ಎದುರಿಗೆ ಕೂರ್ತಾರಲ್ಲ ಅವರಿಗೆ ಹೇಳಿ, ಆರ್ಡರ್ ಶೀಟಲ್ಲಿ ಬರ್ಲಿ" ಅಂದ್ರು, ಅಂದ್ರೆ ಆ ದಿನದ ವಿಚಾರಣೆ ದಾಖಲೇಲಿ. ಹೇಳಿದೆ. ಎರಡೂ ಕಡೆ ವಕೀಲರು ತಮ್ಮ ಕಕ್ಷಿದಾರರ ಕಡೆ ತಿರುಗಿ ಪಿಸಪಿಸ ಅಂದು, ಅಬ್ಜೆಕ್ಷನ್ ಇಲ್ಲ ಅಂದ್ರು, ಐದು ನಿಮಿಷದ ಕೆಲಸ. ಅದೇ ವಿಷಯ ಆರ್ಡರ್ ಆದ್ಮೇಲೆ ಸೋತೋರ ಕಿವಿಗೆ ಬಿದ್ದಿದ್ರೆ ನಾನು ಯಾವ ಮುಖ ಇಟ್ಕೊಂಡು ಏನಂತ ಹೇಳ್ತಿದ್ದೆ?

"ನನ್ನ ಮನಸ್ಸು ಕ್ಲೀನ್" ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಇಂಗ್ಲೆಂಡಲ್ಲಿ ಲಾರ್ಡ್ ಚಾನ್ಸಲರ್ (ಆಗ ಅಲ್ಲಿನ ಬಹು ದೊಡ್ಡ ಜಡ್ಜ್) ಆಗಿದ್ದ ಕಾಟನ್‌ಹ್ಯಾಮ್ ಅವರಿಗೆ ಒಂದು ಕಾಲುವೆ ಕಂಪನೀಲಿ ಷೇರು ಇತ್ತು, ಆ ಕಂಪನಿ ಕೇಸನ್ನೇ ಕೇಳಿ ಅದರ ಪರ ಆರ್ಡರ್ ಕೊಟ್ಟಿದ್ರು, ಷೇರಿನ ಆಸೆಗೆ ವಾಲಿದ್ರು ಅಂತ ಯಾರೂ ಅನ್ಲಿಲ್ಲ, ಆದ್ರೂ 1852ರಲ್ಲಿ ಆ ಆರ್ಡರ್ ಬಿದ್ದೋಯ್ತು. ನಮ್ಮ ಸುಪ್ರೀಂ ಕೋರ್ಟಿನ 1969ರ ಕ್ರೈಪಾಕ್ ಕೇಸು ಇನ್ನೂ ಸ್ವಾರಸ್ಯ. ಅರಣ್ಯ ಸೇವೆಗೆ ಆಯ್ಕೆ ಮಾಡೋ ಬೋರ್ಡಲ್ಲಿದ್ದ ಒಬ್ಬ ಅಧಿಕಾರಿ ತಾವೇ ಅಭ್ಯರ್ಥಿ! ತಮ್ಮ ಹೆಸರು ಚರ್ಚೆಗೆ ಬಂದಾಗ ಕೂತಿರ್ಲಿಲ್ಲ ನಿಜ, ಆದ್ರೆ ಪೈಪೋಟಿಯವರ ಹೆಸರು ಬಂದಾಗ ಅಲ್ಲೇ ಇದ್ರು, ಕೊನೆಗೆ ಲಿಸ್ಟಲ್ಲಿ ಅವರ ಹೆಸರೇ ಮೇಲೆ. ಕೋರ್ಟು ಆ ಆಯ್ಕೇನೇ ರದ್ದು ಮಾಡ್ತು.

ದುಡ್ಡಿನ ವಿಷಯ ಆದ್ರೆ ಯಾರಿಗಾದ್ರೂ ಗೊತ್ತಾಗುತ್ತೆ, ಸಣ್ಣಪುಟ್ಟದ್ದೇ ಗೊತ್ತಾಗಲ್ಲ. ಸ್ಪಾಟ್ ಇನ್ಸ್‌ಪೆಕ್ಷನ್‌ಗೆ ಹೋಗುವಾಗ "ಹೇಗೂ ಅದೇ ದಾರಿ ಅಲ್ವಾ ಸರ್, ಬನ್ನಿ" ಅಂತ ಕೇಸಿನ ಒಂದು ಪಾರ್ಟಿಯವರು ತಮ್ಮ ಕಾರ್ ಬಾಗಿಲು ತೆಗೀತಾರೆ, ಇನ್ನೊಂದು ಪಾರ್ಟಿಯವರು ಗೇಟ್ ಹತ್ರ ಫೈಲ್ ಹಿಡ್ಕೊಂಡು ಕಾಯ್ತಿರ್ತಾರೆ, ಆ ಕಾರಿಂದ ನೀವು ನಗ್ತಾ ಇಳಿದ್ರೆ ದಾರೀಲಿ ಮಳೆ ವಿಷಯ ಮಾತಾಡಿದ್ರೋ ಕೇಸಿನ ವಿಷಯ ಮಾತಾಡಿದ್ರೋ ಅವರಿಗೆ ಹೇಗೆ ಗೊತ್ತಾಗ್ಬೇಕು? ಅವತ್ತೇ ಅವರು ಮನಸ್ಸಲ್ಲಿ ಕೇಸ್ ಸೋತಿರ್ತಾರೆ.

ಹಾಗಂತ ಯಾರೋ ಒಬ್ಬರು ಅರ್ಜಿ ಹಾಕಿದ ತಕ್ಷಣ ಎದ್ದು ಹೋಗೋದೂ ನಂಗೆ ಒಪ್ಪಿಗೆ ಇಲ್ಲ. ಹಿಂದಿನ ಆರ್ಡರ್ ನಮ್ಮ ವಿರುದ್ಧ ಬಂತು, ಮೆಂಬರ್ ಗದರಿದ್ರು, ಇಂಥದ್ದನ್ನೆಲ್ಲ ಪಕ್ಷಪಾತ ಅಂದ್ರೆ ಯಾರು ಕೇಸ್ ಕೇಳ್ಬೇಕು ಅಂತ ಪಾರ್ಟಿಗಳೇ ಆರಿಸ್ಕೊಂಡ ಹಾಗಾಗುತ್ತೆ. ಪಾರ್ಟಿಗಳಿಗೂ ಒಂದು ಮಾತು, ಗೊತ್ತಿದ್ರೆ ಆಗ್ಲೇ ಹೇಳ್ಬೇಕು. 1957ರ ಮಾಣಕ್ ಲಾಲ್ ಕೇಸಲ್ಲಿ ಟ್ರಿಬ್ಯುನಲ್ ಅಧ್ಯಕ್ಷರು ಹಿಂದೆ ಎದುರು ಪಾರ್ಟಿ ಪರ ವಕೀಲರಾಗಿದ್ದೋರು, ಅವರು ಅಲ್ಲಿ ಕೂತಿದ್ದೇ ಸರಿ ಇಲ್ಲ ಅಂತ ಸುಪ್ರೀಂ ಕೋರ್ಟ್ ಒಪ್ಪಿದ್ರೂ, ಟೈಮಿಗೆ ಸರಿಯಾಗಿ ತಕರಾರು ಎತ್ಲಿಲ್ಲ ಅಂತ ಮಾಣಕ್ ಲಾಲ್‌ಗೆ ಏನೂ ಸಿಗ್ಲಿಲ್ಲ. ಗೆದ್ರೆ ಸುಮ್ಮನಿರೋಣ, ಸೋತ್ರೆ ಜೇಬಿಂದ ತೆಗೆಯೋಣ ಅನ್ನೋ ಲೆಕ್ಕಾಚಾರ ನಡೆಯಲ್ಲ.

ನಾನು ಕೇಳೋದು ಇಷ್ಟೇ, ಕೇಸ್ ಹಂಚಿಕೆ ಆದ ದಿನವೇ ಮೆಂಬರ್ ಕೈಗೆ ಪಾರ್ಟಿ, ವಕೀಲರು, ಎಕ್ಸ್‌ಪರ್ಟ್‌ಗಳ ಹೆಸರಿನ ಲಿಸ್ಟ್ ಕೊಡಿ, ಪರಿಚಯ ಇದ್ರೆ ಅರ್ಧ ಪೇಜಲ್ಲಿ ಬರೆದು ಫೈಲಿಗೆ ಹಾಕ್ಲಿ, ಕೇಸಿಂದ ಹಿಂದೆ ಸರಿಯೋದಾದ್ರೆ ಕಾರಣ ಒಂದು ಸಾಲು ಆರ್ಡರಲ್ಲಿ ಇರ್ಲಿ. ಮಧ್ಯದಲ್ಲಿ ಹೊಸ ಸಾಕ್ಷಿ ಬಂದ್ರೆ ಮತ್ತೆ ಲಿಸ್ಟ್ ನೋಡ್ಬೇಕು, ನಾನು ಸಿಕ್ಕಿಹಾಕ್ಕೊಂಡಿದ್ದು ಅಲ್ಲೇ.

ಇಂತಿ,
ನಿಮ್ಮ ಓದುಗ