ಎರಡು ತಿಂಗಳು ಅಂತ ಕಾಯ್ದೆಯಲ್ಲೇ ಇದೆ, ಸಚಿವರೇ, ಆ ಮಗುವಿನ ಆದೇಶ ಕೊಡಿಸಿ

ಕರ್ನಾಟಕ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ದತ್ತು ಅರ್ಜಿ ಬಂದ ದಿನದಿಂದ ಎರಡು ತಿಂಗಳೊಳಗೆ ಜಿಲ್ಲಾಧಿಕಾರಿ ಅದನ್ನು ಇತ್ಯರ್ಥ ಮಾಡಬೇಕು. ಬಾಲ ನ್ಯಾಯ ಕಾಯ್ದೆಯ 61ನೇ ಕಲಂ. ನಿಮ್ಮದೇ ಇಲಾಖೆಯ ವಿಷಯ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಕ್ಕನ ಅರ್ಜಿಗೆ ಆ ಎರಡು ತಿಂಗಳು ಯಾವಾಗಲೋ ಮುಗಿದಿದೆ. ಆಮೇಲೆ ಮಳೆಗಾಲ ಹೋಯಿತು, ದಸರಾ ಹೋಯಿತು, ದೀಪಾವಳಿಯೂ ಹೋಯಿತು. ಕಡತ ಮಾತ್ರ ಜಿಲ್ಲಾಧಿಕಾರಿಯ ಮೇಜು ಬಿಟ್ಟು ಎದ್ದಿಲ್ಲ. ಮನವಿ ಕೊಟ್ಟೆವು, ಫೋನ್ ಮಾಡಿದೆವು, ಕಂಡಕಂಡವರಿಗೆ ಕೈ ಮುಗಿದೆವು. ಸಾಕಾಗಿ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಯಾವ ಜಿಲ್ಲೆ, ಯಾವ ಶಿಶುಗೃಹ, ಮಗುವಿನ ಹೆಸರೇನು, ಇದ್ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಮಗುವಿನ ಗುರುತು ಬಯಲು ಮಾಡಬಾರದು ಅಂತ ಅದೇ ಕಾಯ್ದೆಯ 74ನೇ ಕಲಂ ಹೇಳುತ್ತೆ. ನಾವು 74ನೇ ಕಲಂ ಪಾಲಿಸುತ್ತೇವೆ, ಅವರು 61ನೇ ಕಲಂ ಪಾಲಿಸಲಿ. ನಾನು ಬೆಳಗಾವಿಯವಳು, ಮಗು ಇರುವುದು ನಮ್ಮ ಭಾಗದ ಇನ್ನೊಂದು ಜಿಲ್ಲೆಯಲ್ಲಿ. ಕಡತದ ನಂಬರು ನಿಮ್ಮ ಕಚೇರಿಗೆ ಕಳಿಸಿದ ಮನವಿಯಲ್ಲಿದೆ.

ಅಕ್ಕ ಹುಟ್ಟಿ ಬೆಳೆದದ್ದು ಟಿಳಕವಾಡಿಯಲ್ಲಿ. ಮದುವೆಯಾಗಿ ಅಮೆರಿಕಕ್ಕೆ ಹೋದಳು. ಈಗ ಅವಳೂ ಭಾವನೂ ಅಲ್ಲಿನ ಪ್ರಜೆಗಳು, ಕೈಯಲ್ಲಿ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದೆ. ಹೊರದೇಶದವರಿಗೆ ಇಲ್ಲಿ ದತ್ತು ಅಂದರೆ ಸುಮ್ನೆ ಬಂದು ಎತ್ತಿಕೊಂಡು ಹೋಗುವುದಲ್ಲ. ಭಾರತ 2003ರಲ್ಲಿ ದೇಶ ದೇಶಗಳ ನಡುವಿನ ದತ್ತು ಕುರಿತ ಹೇಗ್ ಒಪ್ಪಂದಕ್ಕೆ ಸೇರಿದ ಮೇಲೆ ಎರಡೂ ದೇಶದ ಸರ್ಕಾರ ಒಪ್ಪಬೇಕು. ಅಲ್ಲಿನ ಸಂಸ್ಥೆಯವರು ಮನೆಗೆ ಬಂದು ಅಡುಗೆಮನೆ ನೋಡಿದರು, ಮಲಗುವ ಕೋಣೆ ನೋಡಿದರು, ಬ್ಯಾಂಕಿನ ಲೆಕ್ಕ ನೋಡಿದರು, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ಪೊಲೀಸ್ ಪ್ರಮಾಣ ಪತ್ರ, ವೈದ್ಯರ ಪ್ರಮಾಣ ಪತ್ರ, ಬೆರಳಚ್ಚು. ಅದೆಲ್ಲ ಆದ ಮೇಲೆ ದೆಹಲಿಯ ಕಾರಾಕ್ಕೆ, ಅಂದರೆ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಗೆ, ಕಾಗದ ಬಂತು. ಕಾರಾ ಎಲ್ಲ ನೋಡಿ, ಆಕ್ಷೇಪಣೆ ಇಲ್ಲ ಅಂತ ಎನ್‌ಒಸಿ ಕೊಟ್ಟಿತು.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ನಾವು ಯಾವತ್ತೂ ಕೇಳಿಲ್ಲ. ಒಂದು ಕಾಲದಲ್ಲಿ ನಮ್ಮ ಮಕ್ಕಳನ್ನು ಹೊರದೇಶಕ್ಕೆ ಕೊಡುವ ಹೆಸರಿನಲ್ಲಿ ದುಡ್ಡಿನ ದಂಧೆಯೇ ನಡೆಯುತ್ತಿತ್ತು. ಅದರ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಅನ್ನುವ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ಅರ್ಜಿ ಅಂತ ತೆಗೆದುಕೊಂಡು 1984ರಲ್ಲಿ ತೀರ್ಪು ಕೊಟ್ಟಿತು. ಹೊರದೇಶದ ದತ್ತಿಗೆ ನಿಯಮ ಬಂದದ್ದೇ ಅಲ್ಲಿಂದ. ಮಗು ಯಾರ ಕೈಗೆ ಹೋಗುತ್ತೆ ಅಂತ ಸರ್ಕಾರ ಹತ್ತು ಸಲ ನೋಡಲಿ, ನೋಡಲೇಬೇಕು. ಆದರೆ ಹತ್ತು ಸಲ ನೋಡಿ ಮುಗಿದ ಮೇಲೂ ಮಗು ಅಲ್ಲೇ ಇದೆಯಲ್ಲ, ನನ್ನ ಸಂಕಟ ಅದು.

ಮಗುವಿನ ಬಗ್ಗೆ ಹೇಳುತ್ತೇನೆ. ಯಾರೋ ಬಿಟ್ಟು ಹೋದ ಹೆಣ್ಣು ಕೂಸು. ಹುಟ್ಟಿದಾಗಲೇ ಸೀಳು ತುಟಿ, ಬಾಯಿಯ ಮೇಲಿನ ಅಂಗುಳವೂ ಸೀಳು. ಹೆತ್ತವರನ್ನು ಹುಡುಕಿದ್ದಾಯಿತು, ಯಾರೂ ಬರಲಿಲ್ಲ, ಮಕ್ಕಳ ಕಲ್ಯಾಣ ಸಮಿತಿ ಕಾನೂನು ಪ್ರಕಾರ ದತ್ತು ಕೊಡಬಹುದು ಅಂತ ಆದೇಶ ಮಾಡಿತು. ನಮ್ಮ ದೇಶದಲ್ಲಿ ಮಗು ಬೇಕು ಅಂತ ಹೆಸರು ಬರೆಸಿ ಕಾಯುವವರು ಸಾವಿರಾರು ಜನ ಇದ್ದಾರೆ, ಆರೋಗ್ಯವಾಗಿರುವ ಸಣ್ಣ ಕೂಸಿಗೆ ವರ್ಷಗಟ್ಟಲೆ ಸರದಿ. 2024-25ರಲ್ಲಿ 4,515 ಮಕ್ಕಳು ದತ್ತು ಹೋದರು, ಹನ್ನೆರಡು ವರ್ಷದಲ್ಲೇ ಜಾಸ್ತಿ ಅಂತ ಕೇಂದ್ರ ಸರ್ಕಾರವೇ ಹೇಳಿಕೊಂಡಿತು. ಇವಳನ್ನು ಇಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಅಕ್ಕ ಫೋಟೋ ನೋಡಿ ಫೋನ್ ಮಾಡಿದಳು. "ಇವಳು ನನ್ನ ಮಗಳು" ಅಂದಳು. ಬೇರೇನೂ ಹೇಳಲಿಲ್ಲ.

ತುಟಿಯ ಆಪರೇಷನ್ ಇಲ್ಲೇ ಆಗಿದೆ, ಚೆನ್ನಾಗಿಯೇ ಆಗಿದೆ. ಅಂಗುಳದ್ದು ಆಗಬೇಕು. ಅದಕ್ಕೆ ಒಂದು ವಯಸ್ಸಿದೆ, ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಮಾಡುತ್ತಾರೆ. ಮಗು ಮಾತು ಕಲಿಯುವ ಮೊದಲು ಅಂಗುಳ ಮುಚ್ಚಬೇಕು, ತಡವಾದಷ್ಟೂ ಮಾತು ಮೂಗಿನಲ್ಲಿ ಹೋಗುತ್ತೆ, ಆಮೇಲೆ ತಿದ್ದುವುದು ಕಷ್ಟ. ಇವಳು ಈಗ ಒಂದು ವರ್ಷ ದಾಟಿದ್ದಾಳೆ. ಅವಳ ಓರಗೆಯ ಮಕ್ಕಳು ಪಪಪ, ಬಬಬ ಅಂತ ಬಾಯಿ ಬಡಿಯುತ್ತವೆ. ಇವಳಿಗೆ ಆ ಅಕ್ಷರ ಬರುವುದಿಲ್ಲ, ಗಾಳಿ ಮೂಗಿನಿಂದ ಹೋಗಿಬಿಡುತ್ತೆ. ಮಮಮ ಅನ್ನುತ್ತಾಳೆ, ನನನ ಅನ್ನುತ್ತಾಳೆ, ಅಷ್ಟೇ. ಆಪರೇಷನ್ ಮಾಡಿಸಿ ಅಂದರೆ ಶಿಶುಗೃಹದವರು "ಹೆಂಗೂ ಆರ್ಡರ್ ಬಂದ ಮ್ಯಾಲೆ ನೀವ ಮಾಡಸ್ತೀರಲ್ರಿ" ಅಂತ ಮುಂದಕ್ಕೆ ಹಾಕುತ್ತಾರೆ. ಅಕ್ಕನೇ ಮಾಡಿಸುತ್ತೇನೆ ಅಂದರೆ ಆದೇಶ ಇಲ್ಲದೆ ಅವಳು ಸಹಿ ಹಾಕುವ ಹಾಗಿಲ್ಲ. ಎಲ್ಲ ಬಂದು ನಿಲ್ಲುವುದು ಆ ಒಂದು ಕಾಗದದ ಹತ್ತಿರ.

ಎನ್‌ಒಸಿ ಬಂದ ಮೇಲೆ ಅಕ್ಕ, ಭಾವ ಇಬ್ಬರೂ ಬೆಳಗಾವಿಗೆ ಬಂದರು. ಆದೇಶ ಬರುವ ತನಕ ಮಗುವನ್ನು ದೇಶದೊಳಗೇ ತಮ್ಮ ಹತ್ತಿರ ಇಟ್ಟುಕೊಳ್ಳಲು ದತ್ತು ನಿಯಮದಲ್ಲೇ ಅವಕಾಶ ಇದೆ, ಶಿಶುಗೃಹಕ್ಕೆ ಮುಚ್ಚಳಿಕೆ ಬರೆದುಕೊಟ್ಟರೆ ಆಯಿತು. ನಮ್ಮ ಮನೆಯಲ್ಲಿ ತೊಟ್ಟಿಲು ತಂದಿಟ್ಟೆವು. ಅವ್ವ ಹಳೇ ಸೀರೆ ಒಗೆದು ಮಡಚಿಟ್ಟಳು. ಶಿಶುಗೃಹದವರು ಕೊಡಲಿಲ್ಲ. ಜಿಲ್ಲಾಧಿಕಾರಿ ಕಚೇರಿಯಿಂದ ಯಾರೋ "ಸಾಹೇಬರ ಆರ್ಡರ್ ಆಗೂತನ ಕೂಸು ಹೊರಗ ಬಿಡಬ್ಯಾಡ್ರಿ" ಅಂದರಂತೆ, ಬಾಯಿ ಮಾತಿನಲ್ಲಿ. ಬರೆದು ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಭಾವನ ರಜೆ ಮುಗಿಯಿತು, ಅವರು ವಾಪಸ್ ಹೋದರು. ಅಕ್ಕ ಸಂಬಳ ಇಲ್ಲದ ರಜೆ ಹಾಕಿ ಇಲ್ಲೇ ಉಳಿದಳು.

ಹೀಗಾಗಿ ನನ್ನ ಅಕ್ಕ ತನ್ನ ಮಗಳನ್ನು ನೋಡಲು ಬಸ್ ಹತ್ತುತ್ತಾಳೆ. ಬಹಳ ಸಲ ನಾನೂ ಜೊತೆಗೆ ಹೋಗುತ್ತೇನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪುಸ್ತಕದಲ್ಲಿ ಸಹಿ ಮಾಡಿ, ಕೈ ತೊಳೆದು ಒಳಗೆ ಹೋಗಬೇಕು. ಉದ್ದನೆಯ ಕೋಣೆ, ಎರಡೂ ಕಡೆ ತೊಟ್ಟಿಲು, ಫಿನಾಯಿಲ್ ವಾಸನೆ. ನಡೆಯಲು ಬರುವ ಮಕ್ಕಳು ಓಡಿ ಬಂದು ಸೆರಗು ಹಿಡಿಯುತ್ತವೆ, ಯಾರೇ ಬಂದರೂ ತಮ್ಮನ್ನು ಕರೆದುಕೊಂಡು ಹೋಗಲಿಕ್ಕೇ ಬಂದಿದ್ದಾರೆ ಅಂದುಕೊಳ್ಳುತ್ತವೆ. ಮಗುವನ್ನು ಮಲಗಿಸಿ ಹಾಲು ಕುಡಿಸಿದರೆ ಮೂಗಿನಿಂದ ಹೊರಗೆ ಬರುತ್ತೆ. ಅಕ್ಕ ಅವಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಮೆತ್ತನೆಯ ಬಾಟಲಿ ಹಿಂಡಿ ಹಿಂಡಿ, ಸ್ವಲ್ಪ ಸ್ವಲ್ಪವೇ ಕುಡಿಸುತ್ತಾಳೆ, ಮಧ್ಯೆ ಮಧ್ಯೆ ಬೆನ್ನು ತಟ್ಟಿ ತೇಗಿಸುತ್ತಾಳೆ. ಒಂದು ಬಾಟಲಿಗೆ ಹತ್ತಿರ ಹತ್ತಿರ ಒಂದು ತಾಸು. ಅಲ್ಲಿನ ಆಯಾಗಳು ಒಳ್ಳೆಯವರು, ಅವರನ್ನು ದೂರುವುದಿಲ್ಲ, ಆದರೆ ಅಷ್ಟು ಮಕ್ಕಳ ನಡುವೆ ಇವಳೊಬ್ಬಳಿಗೆ ಒಂದು ತಾಸು ಎಲ್ಲಿಂದ ತರಬೇಕು? ಮಗು ತೂಕ ಹಿಡಿಯುತ್ತಿಲ್ಲ. ಕಿವಿ ಸೋರುತ್ತೆ, ಅದೂ ಅಂಗುಳದ ತೊಂದರೆಯಿಂದಲೇ ಬರುವಂಥದ್ದು. ಭೇಟಿಯ ಹೊತ್ತು ಮುಗಿದಾಗ ಆಯಾ ಬಂದು ಎತ್ತಿಕೊಳ್ಳುತ್ತಾಳೆ, ಮಗು ಅಕ್ಕನ ಬಳೆ ಬಿಡುವುದಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಗುತ್ತೆ.

ಈಗ ಆ ಕಚೇರಿಯಲ್ಲಿ ನಡೆದದ್ದನ್ನು ಹೇಳದೆ ಇರಲಾರೆ. ಕಡತ ಏನಾಯಿತು ಅಂತ ಕೇಳಲು ಹೋಗಿದ್ದೆವು. ವಿಷಯ ನಿರ್ವಾಹಕರು ಒಳಗೆ ಕರೆಯಲಿಲ್ಲ, ಹೊರಗೆ ಪಡಸಾಲೆಯಲ್ಲೇ, ಪಹಣಿಗೆ, ಪಿಂಚಣಿಗೆ ಅಂತ ಬಂದು ಕೂತಿದ್ದ ಅಷ್ಟೂ ಜನರ ಎದುರಿಗೆ, ಗಟ್ಟಿ ದನಿಯಲ್ಲಿ ಕೇಳಿದರು.

"ನಿಮಗ ಮಕ್ಕಳಾಗಲಿಲ್ಲೇನ್ರಿ? ತೋರಿಸಿದ್ರಿ ಇಲ್ಲೋ?"

ಅಕ್ಕ ತಲೆ ತಗ್ಗಿಸಿದಳು. ಅವರು ಬಿಡಲಿಲ್ಲ.

"ಅಲ್ರಿ, ತಗೊಳ್ಳೂದು ತಗೋತೀರಿ, ಚಲೋದು ನೋಡಿ ತಗೋಬಾರದ? ಇದು ಬಾಯಿ ಹರಿದ ಕೂಸು."

ಆಮೇಲೆ ಫೈಲು ತಿರುವಿ ಹಾಕಿ, ಎರಡು ಕಾಗದ ಕಡಿಮೆ ಇವೆ ಅಂದರು. ಒಂದು, ಹೆತ್ತವರ ಒಪ್ಪಿಗೆ ಪತ್ರ. ಇನ್ನೊಂದು, ಮಗುವಿನ ಜಾತಿ ಪ್ರಮಾಣ ಪತ್ರ.

ಸಚಿವರೇ, ಬಿಟ್ಟು ಹೋದ ಮಗು ಅದು. ಹೆತ್ತವರು ಸಿಗಲಿಲ್ಲ ಅಂತಲೇ ಸಮಿತಿ ಆದೇಶ ಮಾಡಿದೆ, ಆ ಆದೇಶ ಅದೇ ಫೈಲಿನಲ್ಲಿದೆ. ಹೆತ್ತವರ ಒಪ್ಪಿಗೆ ಎಲ್ಲಿಂದ ತರೋಣ? ಮಗುವಿನ ಜಾತಿ ಯಾರನ್ನು ಕೇಳೋಣ? ಕಾರಾ ಕೇಳುವ ಕಾಗದಗಳಲ್ಲಿ ಜಾತಿ ಪ್ರಮಾಣ ಪತ್ರ ಅನ್ನುವುದೇ ಇಲ್ಲ. ಇದು ಬಸವಣ್ಣನವರ ಸೀಮೆ. ಇಲ್ಲಿ ಕೂತು, ತಾಯಿ ಯಾರು ಅಂತಲೇ ಗೊತ್ತಿಲ್ಲದ ಹಸುಗೂಸಿನ ಜಾತಿ ಕೇಳುತ್ತಾರೆ. ದತ್ತಿನ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು ಅಂತ ಅದೇ 61ನೇ ಕಲಂ ಹೇಳುತ್ತೆ, ನನ್ನ ಅಕ್ಕನ ವಿಚಾರಣೆ ಸಂತೆಯಲ್ಲಿ ನಡೆದ ಹಾಗೆ ನಡೆಯಿತು. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

ಆ ಎರಡು ಕಾಗದ ಯಾವ ನಿಯಮದಲ್ಲಿವೆ ಅಂತ ಬರೆದು ಕೇಳಿದೆವು. ಉತ್ತರ ಇಲ್ಲ. ಆಮೇಲೆ ಹೋದಾಗಲೆಲ್ಲ ಒಂದೇ ಮಾತು. ಸಾಹೇಬ್ರು ಮೀಟಿಂಗನ್ಯಾಗ ಅದಾರ್ರಿ, ಸಾಹೇಬ್ರು ಟೂರ್ ಹೋಗ್ಯಾರ್ರಿ, ಮುಂದಿನ ವಾರ ಬರ್ರಿ.

ಮೊದಲು ಈ ಆದೇಶ ಕೋರ್ಟು ಕೊಡುತ್ತಿತ್ತು. ಕೋರ್ಟಿನಲ್ಲಿ ತಡವಾಗುತ್ತೆ, ಮಕ್ಕಳು ಸುಮ್ನೆ ಕಾಯಬೇಕಾಗುತ್ತೆ ಅಂತ 2021ರಲ್ಲಿ ಕಾಯ್ದೆ ತಿದ್ದಿ, 2022ರ ಸೆಪ್ಟೆಂಬರ್ 1ರಿಂದ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟರು. ಬೇಗ ಆಗಲಿ ಅಂತ ಕೊಟ್ಟದ್ದು. ಜಿಲ್ಲಾಧಿಕಾರಿಗೆ ನೂರೆಂಟು ಕೆಲಸ ಇರುತ್ತೆ, ಪ್ರವಾಹ ಬಂದರೂ ಅವರೇ, ಚುನಾವಣೆ ಬಂದರೂ ಅವರೇ, ಅದು ನನಗೆ ಅರ್ಥವಾಗುತ್ತೆ. ಆದರೆ ಒಂದು ಮಗುವಿನ ಫೈಲು ಓದಲು ಎಷ್ಟು ಹೊತ್ತು ಬೇಕು? ಆದೇಶ ನಮಗೆ ವಿರುದ್ಧವಾಗಿ ಬಂದರೆ ಪ್ರಾದೇಶಿಕ ಆಯುಕ್ತರ ಹತ್ತಿರ ಮೇಲ್ಮನವಿ ಹಾಕಬಹುದು, ಅವರ ಕಚೇರಿ ಇಲ್ಲೇ ಬೆಳಗಾವಿಯಲ್ಲಿದೆ. ಆದೇಶವೇ ಇಲ್ಲದಿದ್ದರೆ ಯಾವುದರ ಮೇಲೆ ಹಾಕೋಣ? ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ಸುಮ್ನೆ ಇಟ್ಟುಕೊಂಡು ಕೂತಿದ್ದಾರೆ.

ಆದೇಶ ಬಂದ ದಿನವೇ ಮಗು ವಿಮಾನ ಹತ್ತುವುದೂ ಇಲ್ಲ, ಅದೂ ನಿಮಗೆ ಗೊತ್ತು. ಆಮೇಲೆ ಜನನ ಪ್ರಮಾಣ ಪತ್ರ, ಕಾರಾದ ಇನ್ನೊಂದು ಪ್ರಮಾಣ ಪತ್ರ, ಪಾಸ್‌ಪೋರ್ಟ್, ಅಮೆರಿಕದ ವೀಸಾ ಎಲ್ಲ ಆಗಬೇಕು. ಅಲ್ಲಿನ ವಲಸೆ ಇಲಾಖೆ ಕೊಟ್ಟ ಅನುಮತಿಗೂ 15 ತಿಂಗಳ ಅವಧಿ, ಅದು ಮುಗಿಯುತ್ತ ಬಂದಿದೆ. ಮುಗಿದರೆ ಬೆರಳಚ್ಚಿನಿಂದ ಮತ್ತೆ ಓಡಾಟ. ಇಷ್ಟರ ನಡುವೆ ಒಬ್ಬ ಮನುಷ್ಯ ನಮ್ಮ ನೆಂಟರ ಕಡೆಯಿಂದ ಹೇಳಿ ಕಳಿಸಿದ, ಯಾಕೆ ಇಷ್ಟು ಒದ್ದಾಡುತ್ತೀರಿ, ಆಸ್ಪತ್ರೆಯಲ್ಲಿ ಹುಟ್ಟಿದ ಚಲೋ ಕೂಸು ಕೊಡಿಸುತ್ತೇನೆ, ಇಷ್ಟು ರೊಕ್ಕ ಆಗುತ್ತೆ ಅಂತ. ಮಕ್ಕಳನ್ನು ಮಾರುವುದು, ಕೊಳ್ಳುವುದು 81ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು. ಅಕ್ಕ ಫೋನ್ ಕಿತ್ತುಕೊಂಡು ಅವನಿಗೆ ಬೈದಳು. ಆದರೆ ಎಲ್ಲರೂ ಹಾಗೆ ಬೈದು ಫೋನ್ ಇಡುತ್ತಾರಾ? ನೆಟ್ಟಗೆ ಕಾನೂನು ಪ್ರಕಾರ ಬಂದವರನ್ನು ಹೀಗೆ ಬಾಗಿಲಲ್ಲಿ ಕೂರಿಸಿದರೆ ಅಂಥವರ ದಂಧೆ ನಡೆಯದೆ ಇನ್ನೇನಾಗುತ್ತೆ?

ನಾವು ಕೇಳುವುದು ಜಾಸ್ತಿ ಏನಿಲ್ಲ. ಎರಡು ತಿಂಗಳೊಳಗೆ ಆದೇಶ. ನಮ್ಮ ಅಕ್ಕನಿಗೆ ಮಾತ್ರ ಅಲ್ಲ, ನಮ್ಮ ಹಾಗೆ ಬಾಗಿಲಲ್ಲಿ ಕೂತ ಎಲ್ಲರಿಗೂ. ನಾವು ಹೋದಾಗೆಲ್ಲ ಅಲ್ಲಿ ಸಿಗುವ ಇನ್ನೊಂದು ಜೋಡಿ ಇದೆ, ಹೊಲ ಮಾಡುವವರು, ಬಸ್ ಚಾರ್ಜಿಗೂ ಸಾಲ ಮಾಡಿ ಬರುತ್ತಾರೆ, ಅವರದೂ ಇದೇ ಕಥೆ. ಪ್ರತಿ ಜಿಲ್ಲಾಧಿಕಾರಿಯೂ ವಾರದಲ್ಲಿ ಒಂದು ದಿನ, ಒಂದು ಗಂಟೆ ದತ್ತು ಕಡತಕ್ಕೆ ಅಂತ ಇಡಲಿ. ಎರಡು ತಿಂಗಳು ದಾಟಿದ ಕಡತ ಎಷ್ಟಿವೆ, ಯಾಕೆ ಉಳಿದಿವೆ ಅಂತ ನೀವು ತಿಂಗಳಿಗೊಮ್ಮೆ ಜಿಲ್ಲೆವಾರು ಲೆಕ್ಕ ತರಿಸಿ. ನಿಯಮದಲ್ಲಿಲ್ಲದ ಕಾಗದ ಕೇಳಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಆದೇಶ ಆಗುವ ತನಕ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು ಅಂತ ಶಿಶುಗೃಹಗಳಿಗೂ ಬರೆದು ತಿಳಿಸಿ, ಅವರಿಗಿರುವ ಹೆದರಿಕೆ ಹೋಗಲಿ. ಆ ಪಡಸಾಲೆಯಲ್ಲಿ ಆಡಿದ ಮಾತಿಗೆ ನನ್ನ ಅಕ್ಕನ ಹತ್ತಿರ ಯಾರಾದರೂ ಕ್ಷಮೆ ಕೇಳಿದರೆ ಕೇಳಲಿ, ಇಲ್ಲದಿದ್ದರೂ ಪರವಾಗಿಲ್ಲ. ಆದೇಶ ಕೊಡಿಸಿ.

ಈ ವಾರವೇ ಒಂದು ಫೋನ್ ಮಾಡಿ ಆ ಕಡತ ತರಿಸಿ ನೋಡಿ. ಎಲ್ಲ ಸರಿ ಇದ್ದರೆ ಸಹಿ ಆಗಲಿ. ಕೊಡಲು ಆಗುವುದಿಲ್ಲ ಅಂತಿದ್ದರೆ, ಆಗುವುದಿಲ್ಲ ಅಂತಲೇ ಕಾರಣ ಬರೆದು ಸಹಿ ಮಾಡಿ ಕೊಡಲು ಹೇಳಿ. ಆ ಕಾಗದ ಹಿಡಿದುಕೊಂಡು ಮರುದಿನವೇ ಪ್ರಾದೇಶಿಕ ಆಯುಕ್ತರ ಕಚೇರಿಗೆ ಹೋಗುತ್ತೇವೆ.

ಇಂತಿ,
ಒಬ್ಬ ನಾಗರಿಕಳು
ಟಿಳಕವಾಡಿ, ಬೆಳಗಾವಿ