ಸ್ಪೀಕರ್ ಲೆವೆಲ್ ಕ್ಯಾಲಿಬ್ರೇಶನ್‌ನಲ್ಲಿ ಆಗಿರುವ ಲೋಪದ ಬಗ್ಗೆ ದೂರು ಪತ್ರ

ಇವರಿಂದ,
5.1 ಹೋಂ ಥಿಯೇಟರ್ ಗ್ರಾಹಕರು,
ಜ್ಯೋತಿನಗರ, ಚಿಕ್ಕಮಗಳೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಹೋಂ ಥಿಯೇಟರ್ ಮಾರಾಟ ಮತ್ತು ಅಳವಡಿಕೆ ಮಳಿಗೆ,
ಬಿ.ಎಂ. ರಸ್ತೆ, ಹಾಸನ

ದಿನಾಂಕ: 4-8-2025

ವಿಷಯ: ಕ್ಯಾಲಿಬ್ರೇಶನ್ ಹೊಸದಾಗಿ ಮಾಡಿಕೊಡುವುದು, ಸಬ್‌ವೂಫರ್ ಪರೀಕ್ಷಿಸುವುದು ಮತ್ತು ಪಡೆದ ಶುಲ್ಕ ಹಿಂತಿರುಗಿಸುವುದು.

ಮಾನ್ಯರೇ,

ಅಳವಡಿಕೆಯ ಬಿಲ್‌ನಲ್ಲಿ ‘ಸೌಂಡ್ ಮೀಟರ್ ಕ್ಯಾಲಿಬ್ರೇಶನ್’ (ಮೀಟರ್‌ನಿಂದ ಅಳೆದು ಎಲ್ಲ ಸ್ಪೀಕರ್‌ಗಳ ಶಬ್ದಮಟ್ಟ ಸಮ ಮಾಡುವ ಕೆಲಸ) ಎಂದು ಬೇರೆಯೇ ಸಾಲು ಹಾಕಿ ಹಣ ಪಡೆದಿದ್ದೀರಿ. ಅದಕ್ಕೆ ಕೊಟ್ಟ ವರದಿಯಲ್ಲಿ ಐದೂ ಸ್ಪೀಕರ್‌ಗಳ ಮುಂದೆ 75 ಡೆಸಿಬೆಲ್ ಎಂದಿದೆ, ತಗ್ಗು ಸ್ವರಗಳನ್ನಷ್ಟೇ ನುಡಿಸುವ ಸಬ್‌ವೂಫರ್ ಮುಂದೆ ‘ಸರಿ ಇದೆ’ ಎಂದಷ್ಟೇ ಇದೆ. ಸೋಫಾದಲ್ಲಿ ಕೂತವರ ಕಿವಿಯ ಜಾಗದಲ್ಲಿ ಮೀಟರ್ ಇಟ್ಟು ಸಿ-ವೇಟಿಂಗ್ (ತಗ್ಗು ಸ್ವರಗಳನ್ನೂ ಹೆಚ್ಚು ಕಡಿಮೆ ಪೂರ್ತಿ ಎಣಿಸುವ), ಸ್ಲೋ (ನಿಧಾನವಾಗಿ ಸರಾಸರಿ ತೋರಿಸುವ) ಸೆಟ್ಟಿಂಗ್‌ನಲ್ಲಿ ಅಳೆದರೆ ಬರುವ ಅಂಕಿಗಳೇ ಬೇರೆ: ಎದುರಿನ ಎಡ 72, ಎದುರಿನ ಬಲ 72.5, ಸೆಂಟರ್ (ಮಾತು ಬರುವ ನಡುವಿನ ಸ್ಪೀಕರ್) 71.5, ಸರೌಂಡ್ (ಕೂತವರ ಅಕ್ಕಪಕ್ಕದ ಸ್ಪೀಕರ್) ಎಡ 78, ಸರೌಂಡ್ ಬಲ 78.5, ಸಬ್‌ವೂಫರ್ 91. ಮಾತು ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ ಕಿಟಕಿ ಗಾಜು ನಡುಗುತ್ತದೆ, ಇಳಿಸಿದರೆ ಮಾತೇ ಕೇಳಿಸುವುದಿಲ್ಲ. ಈ ತಪ್ಪು ಉಪಕರಣದ್ದಲ್ಲ, ಅಳತೆಯದ್ದು. ಎಲ್ಲಿ ತಪ್ಪಾಗಿದೆ ಎಂಬುದು ನಿಮ್ಮ ವರದಿಯಲ್ಲೇ ಕಾಣುತ್ತದೆ.

ಮೊದಲು ಸಬ್‌ವೂಫರ್. ವರದಿಯ ಮೇಲ್ಭಾಗದಲ್ಲಿ ಮೀಟರ್ ಸೆಟ್ಟಿಂಗ್ ‘ಎ’ ಎಂದು ಬರೆದಿದೆ. ಎ-ವೇಟಿಂಗ್ ಇರುವುದು ವಾಹನ, ಯಂತ್ರ, ಧ್ವನಿವರ್ಧಕಗಳ ಗದ್ದಲ ಅಳೆಯಲು. ಅದು ತಗ್ಗಿನ ಸ್ವರಗಳನ್ನು ಬೇಕೆಂದೇ ಕಡಿಮೆ ತೋರಿಸುತ್ತದೆ: 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬೆಲ್, 40 ಹರ್ಟ್ಸ್‌ನಲ್ಲಿ ಸುಮಾರು 35 ಡೆಸಿಬೆಲ್ ಕಡಿತ. ಅದೇ ಜಾಗಗಳಲ್ಲಿ ಸಿ-ವೇಟಿಂಗ್ ಕಳೆಯುವುದು ಒಂದೆರಡು ಡೆಸಿಬೆಲ್ ಮಾತ್ರ. ಎ-ವೇಟಿಂಗ್‌ನಲ್ಲಿ ಸಬ್‌ವೂಫರ್ 75 ತೋರಿಸಬೇಕೆಂದು ಹೊರಟರೆ ಎಷ್ಟು ಏರಿಸಿದರೂ ಸಾಲದು. ಹಾಗೆಯೇ ಆಗಿದೆ. ಸ್ಪೀಕರ್‌ಗಳಿಗೆಲ್ಲ ಶಬ್ದ ಹಂಚುವ ರಿಸೀವರ್‌ನಲ್ಲಿ ಸಬ್‌ವೂಫರ್ ಟ್ರಿಮ್ (ಒಂದೊಂದು ಸ್ಪೀಕರ್‌ನ ಮಟ್ಟ ಏರಿಸಿ ಇಳಿಸುವ ಸೆಟ್ಟಿಂಗ್) +12ರ ಕೊನೆ ಮುಟ್ಟಿದೆ, ಸಬ್‌ವೂಫರ್ ಹಿಂದಿನ ಗೇನ್ ನಾಬ್ (ಅದರ ಸ್ವಂತ ವಾಲ್ಯೂಮ್ ನಾಬ್) ಪೂರ್ತಿ ತಿರುಗಿದೆ. 75 ಇರಬೇಕಾದಲ್ಲಿ 91 ಎಂದರೆ 16 ಡೆಸಿಬೆಲ್ ಹೆಚ್ಚು. ಆ ವ್ಯತ್ಯಾಸಕ್ಕೆ ಆಂಪ್ಲಿಫೈಯರ್ ಸುಮಾರು 40 ಪಟ್ಟು ಶಕ್ತಿ ಕೊಡಬೇಕು. ಸ್ಫೋಟದ ದೃಶ್ಯಗಳಲ್ಲಿ ಕೋನ್ ತನ್ನ ಮಿತಿ ಮೀರಿ ಬಡಿದು, ಅದನ್ನು ಅಲುಗಿಸುವ ವಾಯ್ಸ್ ಕಾಯಿಲ್ ಕೆಡುವುದು ಇಂಥ ಸೆಟ್ಟಿಂಗ್‌ನಲ್ಲೇ.

ಉಳಿದ ಐದು ಸ್ಪೀಕರ್‌ಗಳಲ್ಲಿ ಈ ತಪ್ಪು ಕಾಣಿಸದೇ ಹೋಗಲು ಕಾರಣವಿದೆ. ಹಲವು ರಿಸೀವರ್‌ಗಳ ಒಳಗಿನ ಟೆಸ್ಟ್ ಟೋನ್ ಮುಖ್ಯ ಸ್ಪೀಕರ್‌ಗಳಿಗೆ ಸುಮಾರು 500ರಿಂದ 2,000 ಹರ್ಟ್ಸ್‌ನೊಳಗಿನ ಪಿಂಕ್ ನಾಯ್ಸ್ (ಅಳತೆಗೆ ಬಳಸುವ ‘ಶ್ಶ್’ ಎಂಬ ಸದ್ದು) ಕಳಿಸುತ್ತದೆ. ಅಲ್ಲಿ ಎ ಮತ್ತು ಸಿ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸುತ್ತವೆ. ಐದರಲ್ಲಿ ಮೀಟರ್ ಹೊಂದಿಕೊಂಡಿತೆಂದು ನಿಮ್ಮವರು ಆರನೆಯದನ್ನೂ ನಂಬಿಬಿಟ್ಟಿದ್ದಾರೆ.

ಎರಡನೆಯದು ನಿಂತ ಜಾಗ. ವರದಿಯಲ್ಲಿ ಸೆಂಟರ್ ಸ್ಪೀಕರ್ ದೂರ 2 ಮೀಟರ್, ಎದುರಿನ ಸ್ಪೀಕರ್‌ಗಳದ್ದು 2.3, ಸರೌಂಡ್‌ಗಳದ್ದು 2.6 ಎಂದಿದೆ. ಸೋಫಾದಿಂದ ಟೇಪ್ ಹಿಡಿದರೆ ಕ್ರಮವಾಗಿ 3.4, 3.7 ಮತ್ತು 1.6 ಮೀಟರ್. ಅಂದರೆ ಅಳತೆ ಆಗಿರುವುದು ಸೋಫಾದ ಜಾಗದಲ್ಲಲ್ಲ, ಟಿವಿಯ ಹತ್ತಿರ. ಅಲ್ಲಿ ನಿಂತವರಿಗೆ ಎದುರಿನವು ಜೋರು, ಸರೌಂಡ್ ಮೆಲ್ಲಗೆ. ಹಾಗಾಗಿ ಎದುರಿನವನ್ನು ಇಳಿಸಿ ಸರೌಂಡ್ ಏರಿಸಿದ್ದಾರೆ. ಕೂತವರಿಗೆ ಅದೇ ತಿರುವುಮುರುವಾಗಿ, ಸೆಂಟರ್‌ಗಿಂತ ಸರೌಂಡ್ 7 ಡೆಸಿಬೆಲ್‌ನಷ್ಟು ಹೆಚ್ಚಾಗಿದೆ.

ದೂರದ ಅಂಕಿಗಳು ಲೆವೆಲ್ ಅನ್ನಷ್ಟೇ ಕೆಡಿಸುವುದಿಲ್ಲ. ರಿಸೀವರ್ ಡಿಲೇ (ಪ್ರತಿ ಸ್ಪೀಕರ್‌ನ ಶಬ್ದವನ್ನು ಎಷ್ಟು ತಡೆದು ಕಳಿಸಬೇಕೆಂಬುದು) ಲೆಕ್ಕ ಹಾಕುವುದೂ ಅವುಗಳಿಂದಲೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ನೀವು ತುಂಬಿದ ಅಂಕಿಗಳ ಪ್ರಕಾರ ಸರೌಂಡ್‌ನ ಶಬ್ದ ಎದುರಿನ ಶಬ್ದಕ್ಕಿಂತ ಸುಮಾರು 7 ಮಿಲಿಸೆಕೆಂಡ್ ಮೊದಲೇ ಸೋಫಾ ತಲುಪುತ್ತಿದೆ. ಮೊದಲು ಬಂದ ಶಬ್ದದ ಕಡೆಗೇ ಕಿವಿ ವಾಲುತ್ತದೆ. ಅದು ಜೋರಾಗಿಯೂ ಇದ್ದರೆ ಪರದೆಯ ಕಡೆಗೆ ಗಮನ ನಿಲ್ಲುವುದಾದರೂ ಹೇಗೆ?

ಇದರ ಜೊತೆಗೆ ಅಳತೆ ನಡೆದದ್ದು ಜೋರು ಮಳೆಯಲ್ಲಿ, ಹೆಂಚಿನ ಮಾಡಿನ ಕೆಳಗೆ. ಟೋನ್‌ಗಿಂತ ಹಿನ್ನೆಲೆ ಸದ್ದು 10 ಡೆಸಿಬೆಲ್ ಕಡಿಮೆ ಇದ್ದರೆ ಮೀಟರ್ 0.4ರಷ್ಟು ಮಾತ್ರ ತಪ್ಪು ತೋರಿಸುತ್ತದೆ. ವ್ಯತ್ಯಾಸ 3ಕ್ಕೆ ಇಳಿದರೆ ತಪ್ಪು 1.8. ಮಳೆ ಒಂದೇ ಸಮ ಸುರಿಯುವುದಿಲ್ಲವಾದ್ದರಿಂದ ಒಂದೊಂದು ಸ್ಪೀಕರ್‌ಗೂ ಒಂದೊಂದು ತಪ್ಪು ಸೇರುತ್ತದೆ. ಮಲೆನಾಡಿನಲ್ಲಿ ಕೆಲಸ ಮಾಡುವ ಸಂಸ್ಥೆ ಮಳೆ ಬಿಟ್ಟ ಹೊತ್ತಿಗೆ ಬರುವುದನ್ನು ರೂಢಿ ಮಾಡಿಕೊಳ್ಳಲೇಬೇಕು.

ಎದುರಿನ ಬಲ ಸ್ಪೀಕರ್‌ನ ಕೆಂಪು, ಕಪ್ಪು ತಂತಿಗಳೂ ಅದಲುಬದಲಾಗಿವೆ. ಒಂದೊಂದೇ ಸ್ಪೀಕರ್ ನುಡಿಸಿ ಅಳೆಯುವಾಗ ಮೀಟರ್ ಇದನ್ನು ಹಿಡಿಯಲಾರದು. ಎಡ-ಬಲ ಎರಡರಲ್ಲೂ ಒಂದೇ ಮೋನೋ ಪಿಂಕ್ ನಾಯ್ಸ್ ಬಿಟ್ಟರೆ ಶಬ್ದ ನಡುವೆ ಗಟ್ಟಿಯಾಗಿ ನಿಲ್ಲದೆ ಅಕ್ಕಪಕ್ಕಕ್ಕೆ ಚೆದುರಿ ತೆಳ್ಳಗಾಗುತ್ತದೆ. ತಂತಿಗಳನ್ನು ಮುಟ್ಟದೆ ಹಾಗೇ ಬಿಟ್ಟಿದ್ದೇವೆ, ನಿಮ್ಮವರೇ ಬಂದು ನೋಡಲಿ.

ಫೋನ್ ಮಾಡಿದಾಗ ‘ರಿಸೀವರ್‌ನ ಮೈಕ್ ಹಾಕಿ ಆಟೋ ಸೆಟಪ್ ಮಾಡಿಕೊಳ್ಳಿ’ ಎಂಬ ಉತ್ತರ ಬಂತು. ಗೇನ್ ನಾಬ್ ಪೂರ್ತಿ ಏರಿದ್ದರೆ ಆಟೋ ಸೆಟಪ್ ಟ್ರಿಮ್ ಅನ್ನು -12ರವರೆಗೆ ಇಳಿಸಿ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗಲು ಜಾಗವಿರುವುದಿಲ್ಲ. ನಾಬ್ ಅನ್ನು ಕೈಯಿಂದಲೇ ಇಳಿಸಬೇಕು. ಮೇಲಾಗಿ ಹಣ ಪಡೆದದ್ದು ಮೀಟರ್ ಹಿಡಿದು ಮಾಡುವ ಕೆಲಸಕ್ಕೆ. ಸುಳ್ಳು ತಕ್ಕಡಿಯಲ್ಲಿ ಕಾಫಿ ಬೀಜ ತೂಗಿ ಚೀಟಿ ಕೊಟ್ಟವರು, ಮನೆಗೆ ಹೋಗಿ ನೀವೇ ತೂಗಿಕೊಳ್ಳಿ ಎಂದರೆ ಬೆಳೆಗಾರ ಒಪ್ಪುತ್ತಾನೆಯೇ?

ಹೊಸದಾಗಿ ಮಾಡುವ ಕೆಲಸ ಹೀಗಿರಬೇಕು. ಕ್ಲಾಸ್ 2 (ನಿಖರತೆಯ ದರ್ಜೆ) ಮೀಟರ್ ತನ್ನಿ, ನಿಗದಿತ 94 ಡೆಸಿಬೆಲ್ ಸದ್ದು ಕೊಡುವ ಕ್ಯಾಲಿಬ್ರೇಟರ್‌ನಿಂದ ಅದನ್ನು ನಮ್ಮೆದುರೇ ಪರೀಕ್ಷಿಸಿ. ಮೊಬೈಲ್ ಆ್ಯಪ್ ಒಪ್ಪುವುದಿಲ್ಲ, ಫೋನ್ ಮೈಕ್‌ಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ ಬೇರೆ ಅಂಕಿ ತೋರಿಸುತ್ತವೆ. ಮೀಟರ್ ಟ್ರೈಪಾಡ್ ಮೇಲೆ, ಸೋಫಾದ ನಡು ಸೀಟಿನಲ್ಲಿ, ಕೂತವರ ಕಿವಿಯ ಎತ್ತರದಲ್ಲಿ, ಮೈಕ್ ಚಾವಣಿಯತ್ತ ಮುಖ ಮಾಡಿ ನಿಲ್ಲಬೇಕು. ಕೈಯಲ್ಲಿ ಹಿಡಿದರೆ ಮೈಯಿಂದ ಪ್ರತಿಫಲಿಸಿದ ಶಬ್ದವೂ ಲೆಕ್ಕಕ್ಕೆ ಸೇರುತ್ತದೆ. ಫ್ಯಾನ್, ಫ್ರಿಜ್ ಆರಿಸಿ. ಜೋರು ಸದ್ದು, ಮೆಲ್ಲನೆಯ ಸದ್ದುಗಳ ಅಂತರ ತಗ್ಗಿಸುವ ನೈಟ್ ಮೋಡ್, ಡೈನಾಮಿಕ್ ಕಂಪ್ರೆಶನ್ ಆಫ್ ಇರಲಿ. ದೂರಗಳನ್ನು ಟೇಪ್‌ನಿಂದ ಅಳೆದು ತುಂಬಿ, ಆಮೇಲೆ ಲೆವೆಲ್‌ಗೆ ಬನ್ನಿ. ಟ್ರಿಮ್ ಅನ್ನು 0.5 ಡೆಸಿಬೆಲ್ ಹೆಜ್ಜೆಯಲ್ಲಿ ಸರಿಸುತ್ತಾ ಐದೂ ಸ್ಪೀಕರ್ 75ಕ್ಕೆ ಬರಬೇಕು.

ಸಬ್‌ವೂಫರ್‌ಗೆ ರಿಸೀವರ್ ಟ್ರಿಮ್ 0ಗೆ ತಂದು, ಸಬ್‌ವೂಫರ್‌ನ ಸ್ವಂತ ಕ್ರಾಸ್‌ಓವರ್ ನಾಬ್ (ಎಷ್ಟು ಹರ್ಟ್ಸ್‌ವರೆಗೆ ನುಡಿಸಬೇಕೆಂದು ಹೇಳುವುದು) ಗರಿಷ್ಠಕ್ಕಿಟ್ಟು, ಗೇನ್ ನಾಬ್‌ನಿಂದ 75ರ ಹತ್ತಿರ ತನ್ನಿ. ಕೊನೆಯ ಒಂದೆರಡು ಡೆಸಿಬೆಲ್ ಮಾತ್ರ ಟ್ರಿಮ್‌ನಲ್ಲಿ. ತಗ್ಗು ಸ್ವರದಲ್ಲಿ ಮುಳ್ಳು ಏರಿಳಿಯುತ್ತಲೇ ಇರುತ್ತದೆ, 15-20 ಸೆಕೆಂಡ್ ನೋಡಿ ಸರಾಸರಿ ಹಿಡಿಯಿರಿ. ಬಾಸ್ ಎರಡು-ಮೂರು ಡೆಸಿಬೆಲ್ ಹೆಚ್ಚು ಬೇಕೇ ಎಂಬುದು ಮನೆಯವರ ಇಷ್ಟ, ಅದನ್ನು ಸಮ ಮಾಡಿದ ಮೇಲೆ ಕೂಡಿಸಿದರಾಯಿತು. 20ರಿಂದ 100 ಹರ್ಟ್ಸ್‌ವರೆಗಿನ ಸ್ವೀಪ್ (ಸ್ವರ ಮೆಲ್ಲನೆ ಏರುತ್ತ ಹೋಗುವ ಟೋನ್) ಬಿಟ್ಟು ಕೋನ್ ಉಜ್ಜುವ ಸದ್ದು ಇದೆಯೇ ಎಂದೂ ನೋಡಬೇಕು. ಇದ್ದರೆ ಡ್ರೈವರ್ ಬದಲಾವಣೆ ನಿಮ್ಮ ಖರ್ಚಿನಲ್ಲಿ.

ವರದಿಯಲ್ಲಿ ಮೀಟರ್ ಸೆಟ್ಟಿಂಗ್, ಹಿನ್ನೆಲೆ ಸದ್ದು, ಪ್ರತಿ ಸ್ಪೀಕರ್‌ನ ದೂರ, ಟ್ರಿಮ್ ಮತ್ತು ಅಂಕಿ ಇರಲಿ. ಹಿಂದಿನ ಕ್ಯಾಲಿಬ್ರೇಶನ್ ಶುಲ್ಕ ವಾಪಸ್ ಬರಬೇಕು. ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆ ಹೋಗುತ್ತೇವೆ.

ಇಂತಿ,
ತಮ್ಮ ಗ್ರಾಹಕರು

ಲಗತ್ತು: ಬಿಲ್ ಪ್ರತಿ, ನಿಮ್ಮ ವರದಿಯ ಪ್ರತಿ, ಗೇನ್ ನಾಬ್, ಟ್ರಿಮ್ ಪರದೆ ಮತ್ತು ಬಲ ಸ್ಪೀಕರ್ ತಂತಿಗಳ ಫೋಟೋಗಳು.