ಬದಲಿಸಿದ್ದು ಕ್ಲಚ್, ಸೋರಿದ್ದು ಗೇರ್ ಆಯಿಲ್: ಶಿರಸಿ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ರಸ್ತೆ, ನೀರು, ಅಡಿಕೆ ಕೊಳೆರೋಗದ ಅರ್ಜಿಗಳ ನಡುವೆ ಕಾರು ರಿಪೇರಿಯ ವಿಷಯ ತಂದಿದ್ದೇನೆ: ಒಂದನ್ನು ಸರಿಮಾಡಿಸಲು ಕೊಟ್ಟರೆ ಇನ್ನೊಂದು ಕೆಟ್ಟು ಬರುವುದು. ಸಣ್ಣದು ಅನ್ನಿಸಬಹುದು. ಆದರೆ ಈ ಮಾತು ಎತ್ತಿದಾಗೆಲ್ಲ ಯಾರಾದರೊಬ್ಬರು "ನನಗೂ ಹಾಗೇ ಆಯ್ತು ಮಾರಾಯ" ಅನ್ನುತ್ತಾರೆ.

ದೇವಿಮನೆ ಘಟ್ಟ ಹತ್ತಿಳಿಯುವ ಗಾಡಿಗೆ ಕ್ಲಚ್ ಬೇಗ ಸವೆಯುತ್ತದೆ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಕಂಪನಿಯ ಸರ್ವೀಸ್ ಸೆಂಟರ್‌ನಲ್ಲೇ ಬದಲಿಸಿಕೊಂಡು ಬಂದೆ. ಕೆಲವೇ ದಿನಕ್ಕೆ ಅಂಗಳದಲ್ಲಿ ಎಣ್ಣೆ ಕಲೆ. ಆಮೇಲೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಕೇಳಿದರೆ, "ಅದು ಬೇರೆ ಪ್ರಾಬ್ಲಂ ಸಾರ್, ಗಾಡಿ ಹಳೇದಾಯ್ತಲ್ವಾ" ಎಂಬ ಉತ್ತರ. ಜೊತೆಗೆ ಹೊಸ ಎಸ್ಟಿಮೇಟ್.

ನನ್ನದು ಫ್ರಂಟ್ ವೀಲ್ ಡ್ರೈವ್ ಕಾರು. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಮೊದಲು ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಎಳೆಯಬೇಕು. ವಾಪಸ್ ಕೂರಿಸುವಾಗ, ಶಾಫ್ಟ್ ಸೇರುವಲ್ಲಿ ಎಣ್ಣೆ ತಡೆಯುವ ಆಯಿಲ್ ಸೀಲ್‌ಗೆ ಪೆಟ್ಟಾದರೆ ಗೇರ್ ಆಯಿಲ್ ಸೋರುತ್ತದೆ. ಚಕ್ರದ ಬಳಿಯ ಸೆನ್ಸರ್ ವೈರ್ ಜಗ್ಗಿದರೆ ಎಬಿಎಸ್ ದೀಪ ಹೊತ್ತುತ್ತದೆ. ಹಾಗೇ ಆಯಿತೆಂದು ನಾನು ಆಣೆ ಮಾಡುವುದಿಲ್ಲ. ಸೀಲ್ ಹಳೆಯದಾಗಿಯೂ ಸೋರಬಹುದು. ಆದರೆ ಬಿಚ್ಚಿದ ಜಾಗದಲ್ಲೇ ತೊಂದರೆ ಬಂದಾಗ, ಸಂಬಂಧವಿಲ್ಲ ಅನ್ನುವ ಮೊದಲು ಗಾಡಿಯನ್ನು ಮೇಲೆತ್ತಿ ನೋಡಬೇಕಲ್ವಾ? ಗಾಡಿ ಬಿಡುವಾಗ ಸರ್ವೀಸ್ ಸೆಂಟರ್‌ನವರು ಬರೆದ ನನ್ನ ಜಾಬ್ ಕಾರ್ಡಿನಲ್ಲಿ ಕಿಲೋಮೀಟರ್, ಪೆಟ್ರೋಲ್, ಬಾಡಿಯ ಗೀರು ಎಲ್ಲ ಬರೆದಿದ್ದಾರೆ. ಅಡಿಯಲ್ಲಿ ಮೊದಲೇ ಸೋರಿಕೆ ಇತ್ತೋ ಇಲ್ಲವೋ, ಒಂದಕ್ಷರ ಇಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ನನ್ನ ದೂರನ್ನು ಕಂಪನಿಗೆ ಕಳಿಸಿತು. ಕಂಪನಿಯು ಸರ್ವೀಸ್ ಸೆಂಟರ್ ನಡೆಸುವ ಶೋರೂಮಿನ ಮಾತನ್ನೇ ನನಗೆ ವಾಪಸ್ ಕಳಿಸಿತು.

ಗ್ರಾಹಕ ಆಯೋಗಕ್ಕೆ ಹೋಗಿ ಅನ್ನುತ್ತೀರಿ. ಕಾನೂನೇನೋ ಚೆನ್ನಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2 ವರ್ಷ ಸಮಯವಿದೆ. ನಾವು ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ಆಯೋಗ ಇರುವುದು ಕಾರವಾರದಲ್ಲಿ, ಆದರೆ ವಿಡಿಯೋ ಮೂಲಕ ವಿಚಾರಣೆ ಕೇಳಿಕೊಳ್ಳಬಹುದು. ನನ್ನ ತೊಡಕು ದೂರದ್ದಲ್ಲ, ಸಾಕ್ಷಿಯದ್ದು. ತಪ್ಪು ಅವರದ್ದೇ ಅಂತ ತೋರಿಸಬೇಕಾದವನು ನಾನು. ನಮ್ಮೂರ ಮೆಕ್ಯಾನಿಕ್ ಅಡಿಗೆ ಬಗ್ಗಿ ನೋಡಿ ಸೀಲ್ ಹೋಗಿದೆ ಅಂದ. ಬರೆದುಕೊಡು ಅಂದರೆ ಹಿಂದೆ ಸರಿಯುತ್ತಾನೆ. ಅವನಿಗ್ಯಾಕೆ ಸುಮ್ನೆ ಕೋರ್ಟಿನ ಉಸಾಬರಿ! ಅವನ ಕೈಲಿ ಬಿಚ್ಚಿಸಿದರೋ, "ಹೊರಗಿನವರು ಕೈ ಹಾಕಿದ್ದಾರೆ" ಅನ್ನಲು ಶೋರೂಮಿಗೆ ಅಷ್ಟೇ ಸಾಕು.

ಶಿರಸಿಯಲ್ಲೇ ಆರ್‌ಟಿಒ ಕಚೇರಿ ಇದೆ. ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಬರೆಯುವ ಮೋಟಾರು ವಾಹನ ನಿರೀಕ್ಷಕರು ಇಂಥ ರಿಪೇರಿ ತಕರಾರಿನ ಗಾಡಿಯನ್ನೂ ನೋಡಲಿ. ಶುಲ್ಕ ಇಟ್ಟರೆ ಕಟ್ಟುತ್ತೇವೆ. ಶೋರೂಮಿನವರಿಗೂ ನೋಟಿಸ್ ಕೊಟ್ಟು ಕರೆಯಲಿ, ಅವರ ಎದುರಿಗೇ ಕಂಡದ್ದನ್ನು ಬರೆದುಕೊಡಲಿ. ತೀರ್ಪು ಆಯೋಗ ಕೊಡುತ್ತದೆ. ಇದಕ್ಕೊಂದು ಆದೇಶ ಮಾಡಿಸಲು ಸಾರಿಗೆ ಸಚಿವರ ಹತ್ತಿರ ನೀವು ಮಾತಾಡಬೇಕು, ಇಲ್ಲವೇ ಸದನದಲ್ಲಿ ಪ್ರಶ್ನೆ ಹಾಕಬೇಕು.

ಬಿಲ್, ಜಾಬ್ ಕಾರ್ಡ್, ಫೋಟೊಗಳ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಡುತ್ತೇನೆ. ಸೀಲ್ ಇನ್ನೂ ಬಿಚ್ಚಿಸಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಶಿರಸಿ